ಗವರ್ನರ್‌ಪೇಟೆ ಮನೆಯ ಕನ್ನಡಕದ ಡಬ್ಬಿ

ಹೋದ ತಿಂಗಳು ಒಂದು ಸಂಜೆ ನಮ್ಮ ಮೇಲಿನ ಮನೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಇಳಿದು ಬಂತು. ವಿಶಾಖಪಟ್ಟಣದಲ್ಲಿ ಸಂಜೆಗೆ ಸಮುದ್ರದ ಗಾಳಿ ಏಳುತ್ತದೆ. ಆ ಗಾಳಿಗೆ ಯಾರ ಮನೆಯ ಒಗ್ಗರಣೆ ಯಾರ ಮನೆಗೆ ಬರುತ್ತದೋ ಹೇಳಲಾಗದು. ಆದರೆ ಇದು ಒಗ್ಗರಣೆ ಸೀದದ್ದಲ್ಲ, ವೈರು ಸುಟ್ಟದ್ದೂ ಅಲ್ಲ. ಪ್ಲಾಸ್ಟಿಕ್ಕಿನ ಅಂಚು ಮೇಣದ ಬತ್ತಿಯ ಉರಿಗೆ ತಾಗಿ, ಕರಗಿ, ಇನ್ನೊಂದು ಅಂಚಿಗೆ ಅಂಟಿಕೊಳ್ಳುವಾಗ ಬರುವ, ಸ್ವಲ್ಪ ಸಿಹಿಯಾದ, ಗಂಟಲಿಗೆ ಹತ್ತುವ ವಾಸನೆ. ಎಷ್ಟೋ ವರ್ಷಗಳಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ. ಬಿಡಿಸುತ್ತಿದ್ದ ಸೊಪ್ಪನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದೆ.

ಮೇಲೆ ಇರುವವಳು ಶ್ರುತಿ, ಹಾಸನದ ಕಡೆಯ ಹುಡುಗಿ. ಊರ ಹೊರಗಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಕನ್ನಡ ಆಡಲು ಸಿಕ್ಕವಳು ನಾನೊಬ್ಬಳೇ ಎಂದು ವಾರಕ್ಕೆರಡು ಸಲ ಬಂದು ಕೂರುತ್ತಾಳೆ. ಅವತ್ತು ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಮೇಣದ ಬತ್ತಿ ಹಚ್ಚಿಟ್ಟುಕೊಂಡು, ಚಿಪ್ಸಿನ ಪೊಟ್ಟಣದ ಬಾಯಿ ಅಂಟಿಸುತ್ತಿದ್ದಳು. ಉಪ್ಪಿನಕಾಯಿ ಬಾಟಲಿಗೆ ಒರಗಿಸಿದ್ದ ಫೋನು ಅದನ್ನು ವಿಡಿಯೋ ಹಿಡಿಯುತ್ತಿತ್ತು. “ಬನ್ನಿ ಆಂಟಿ, ನೋಡಿ ಹೆಂಗೆ ಸೀಲ್ ಆಗುತ್ತೆ! ಕ್ಲಿಪ್ಪೂ ಬೇಡ, ಡಬ್ಬಾನೂ ಬೇಡ. ಹಳೇ ಕಾಲದೋರು ಎಷ್ಟು ಬುದ್ಧಿವಂತರು ಅಲ್ವಾ? ಒಂದು ಚೂರೂ ವೇಸ್ಟ್ ಮಾಡ್ತಿರ್ಲಿಲ್ಲ. ನಿಮ್ಮನೇಲಿ ಏನೇನ್ ಮಾಡ್ತಿದ್ರು ಹೇಳಿ ಆಂಟಿ, ನಿಮ್ದೂ ಒಂದು ವಿಡಿಯೋ ಮಾಡ್ತೀನಿ.” ನಾನು, “ನಮ್ಮನೇದು ವಿಡಿಯೋಗೆ ಬರಲ್ಲಮ್ಮ,” ಎಂದು ಹೇಳಿ ಇಳಿದು ಬಂದೆ. ದನಿ ಒರಟಾಗಿತ್ತೆಂದು ಆಮೇಲೆ ಅನ್ನಿಸಿತು. ಪಾಪ, ಅವಳ ತಪ್ಪೇನೂ ಇರಲಿಲ್ಲ. ಆದರೆ ಆ ‘ಬುದ್ಧಿವಂತರು’ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳಿಗೆ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೂ ಅಂಥ ಒಂದು ಮನೆಯಲ್ಲಿ ಬೆಳೆದವರಾಗಿದ್ದರೆ, ಆ ಮನೆಯನ್ನು ನೆನೆದಾಗ ಬಾಯಲ್ಲಿ ಸಿಹಿಯ ಜೊತೆಗೆ ಇನ್ನೇನೋ ಒಂದು ಒಗರು ಬಂದು ಕೂರುತ್ತಿದ್ದರೆ, ನಿಮಗೆ ಇದು ತಿಳಿಯುತ್ತದೆ.

ನಮ್ಮ ಮನೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿತ್ತು. ಬಳ್ಳಾರಿ ಕಡೆಯಿಂದ ಬಂದ ನಮ್ಮ ತಾತ ಅಲ್ಲಿ ಗುಂಡಿ, ದಾರ, ಎಲಾಸ್ಟಿಕ್, ಜಿಪ್ಪುಗಳ ಸಗಟು ಅಂಗಡಿ ಇಟ್ಟಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹಗಲಲ್ಲೂ ಕತ್ತಲಾದ ಒಂದು ಉದ್ದನೆಯ ಓಣಿ. ಆ ಓಣಿಯಲ್ಲಿ ನಡೆದರೆ ಹೊಸ ದಾರದ ಗಂಜಿಯ ವಾಸನೆ ಮುಗಿದು ಅಡುಗೆಮನೆಯ ಗೋಂಗೂರ ಸೊಪ್ಪಿನ ಹುಳಿ ವಾಸನೆ ಶುರುವಾಗುವ ಜಾಗ ಯಾವುದೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಮೇ ತಿಂಗಳ ಬಿಸಿಲಿಗೆ ತಾರಸಿ ಕಾದು ಕೆಂಡವಾಗುತ್ತಿತ್ತು. ಬೆಳಿಗ್ಗೆ ಬೇಗನೆ ಹಳೆಯ ಸೀರೆ ಹಾಸಿ ನಮ್ಮ ದೊಡ್ಡಮ್ಮ ಸಂಡಿಗೆ ಇಡುತ್ತಿದ್ದರು. ಹತ್ತು ಗಂಟೆಯ ಮೇಲೆ ಅಲ್ಲಿಗೆ ಕಾಗೆಯೂ ಇಳಿಯುತ್ತಿರಲಿಲ್ಲ. ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ರಮಕ್ಕ. ಅಪ್ಪ, ಅಮ್ಮ, ನಾನು. ದೊಡ್ಡಮ್ಮ ಮಚಲೀಪಟ್ಟಣದ ತೆಲುಗಿನವರು, ಬಾಯಿಬಿಟ್ಟರೆ ತೆಲುಗೇ. ದೊಡ್ಡಪ್ಪ ಮಾತ್ರ ಮನೆಯೊಳಗೆ ಬಳ್ಳಾರಿ ಕನ್ನಡ ಬಿಡುತ್ತಿರಲಿಲ್ಲ. ಅದನ್ನೂ ಒಂದು ಹಳೆಯ ಸಾಮಾನೆಂಬಂತೆ ಉಳಿಸಿಕೊಂಡಿದ್ದರು.

ಉಳಿಸುವುದು ಅವರ ಕಸುಬಾಗಿತ್ತು. ಅಂಗಡಿ ಬರೀ ನೆಪ ಎಂದು ನನಗೆ ಅನ್ನಿಸುತ್ತಿತ್ತು. ಹಾಲಿನ ಕವರು ಕತ್ತರಿಸಿ, ಒಳಗಿನ ಜಿಡ್ಡಿಗೆ ಅರ್ಧ ಲೋಟ ನೀರು ಹಾಕಿ ಅಲ್ಲಾಡಿಸಿ ಆ ನೀರನ್ನು ಮಜ್ಜಿಗೆಗೆ ಬೆರೆಸಬೇಕು. ಕವರನ್ನು ತೊಳೆದು, ಗೋಡೆಯ ಟೈಲ್ಸಿಗೆ ಅಂಟಿಸಿ ಒಣಗಿಸಿ, ಅದರಲ್ಲಿ ಗುಂಡಿ ತುಂಬಿ, ಬಾಯಿಯನ್ನು ಮೇಣದ ಬತ್ತಿಗೆ ಹಿಡಿದು ಅಂಟಿಸಬೇಕು. ಎಷ್ಟೋ ಹಳ್ಳಿಯ ದರ್ಜಿಗಳು ಹಸುವಿನ ಚಿತ್ರವಿದ್ದ ಪೊಟ್ಟಣದಲ್ಲಿ ಅಂಗಿಯ ಗುಂಡಿ ಕೊಂಡೊಯ್ದಿದ್ದಾರೆ. ಒಂದು ಒಲೆಯಿಂದ ಇನ್ನೊಂದಕ್ಕೆ ಉರಿ ದಾಟಿಸಲು ಹೊಸ ಕಡ್ಡಿ ಗೀರುವಂತಿಲ್ಲ, ಉರಿದುಹೋದ ಕಡ್ಡಿಗಳದೇ ಒಂದು ಬಟ್ಟಲಿತ್ತು. ಸವೆದ ಸೋಪಿನ ಚೂರುಗಳನ್ನೆಲ್ಲ ಹಳೆಯ ಕಾಲುಚೀಲಕ್ಕೆ ತುಂಬಿ ಬಚ್ಚಲಲ್ಲಿ ನೇತುಹಾಕಿದ್ದರು. ತಲೆಗೆ ಹಚ್ಚಿ ಉಳಿದ ಸೀಗೆಕಾಯಿಯ ಚರಟ ಪಾತ್ರೆ ತಿಕ್ಕಲು, ಪಾತ್ರೆ ತಿಕ್ಕಿದ ನೀರು ಕರಿಬೇವಿನ ಗಿಡಕ್ಕೆ. ದೊಡ್ಡಪ್ಪನ ಪಂಚೆ ಹರಿದರೆ ಕಿಟಕಿಯ ಪರದೆ, ಪರದೆ ಹರಿದರೆ ಒರೆಸುವ ಬಟ್ಟೆ, ಅದೂ ಹರಿದರೆ ದೀಪದ ಬತ್ತಿ. “ಬತ್ತಿ ಉರಿದ ಮೇಲೆ ಬೂದಿ ಏನ್ ಮಾಡ್ತೀರಿ ಭಾವ?” ಎಂದು ಅಮ್ಮ ಒಮ್ಮೆ ಕೇಳಿಬಿಟ್ಟಳು. ಅಮ್ಮ ಹೊಸಪೇಟೆಯವಳು, ನಾಲಿಗೆ ಚುರುಕು. ದೊಡ್ಡಪ್ಪ ನಗಲಿಲ್ಲ. “ಹಲ್ಲು ತಿಕ್ಕಾಕೆ ಬರ್ತೈತೆ,” ಎಂದರು. ನಿಜವಾಗಿಯೂ ಅವರು ಅದರಲ್ಲಿ ಹಲ್ಲು ತಿಕ್ಕುತ್ತಿದ್ದರು.

ನಾವು ಬಡವರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದವರು ಉಳಿಸಿದರೆ ಅದಕ್ಕೊಂದು ಮಾನವಿದೆ, ಅವರ ಮೇಲೆ ನನಗೆ ಒಂದು ಮಾತೂ ಇಲ್ಲ. ಗವರ್ನರ್‌ಪೇಟೆಯ ಅರ್ಧ ಬೀದಿ ನಮ್ಮ ಅಂಗಡಿಗೆ ನಮಸ್ಕಾರ ಹಾಕಿ ಹೋಗುತ್ತಿತ್ತು. ಆ ಮನೆಯಲ್ಲಿ ಇಲ್ಲದಿದ್ದದ್ದು ಹಣವಲ್ಲ. ‘ಬೇಕು’ ಎಂದು ಬಾಯಿಬಿಟ್ಟು ಹೇಳುವ ಹಕ್ಕು ಇರಲಿಲ್ಲ. ಹಾಗೆ ಹೇಳಿದವರು ಅವತ್ತು ಮನೆಮಂದಿಯ ಎದುರು ಸಣ್ಣವರಾಗುತ್ತಿದ್ದರು. ರಮಕ್ಕ ಒಮ್ಮೆ ಹೊಸ ರಿಬ್ಬನ್ ಕೇಳಿದ್ದಕ್ಕೆ ದೊಡ್ಡಪ್ಪ ಅಂಗಡಿಯ ಎಲಾಸ್ಟಿಕ್ಕಿನ ತುಂಡಿಗೆ ನೀಲಿ ಶಾಯಿ ಬಳಿದು ಕೊಟ್ಟರು. ಅದನ್ನು ಕಟ್ಟಿಕೊಂಡು ಅವಳು ಶಾಲೆಗೆ ಹೋದಳು, ಬೆವರಿಗೆ ಬಣ್ಣ ಇಳಿದು ಕಿವಿಯೆಲ್ಲ ನೀಲಿಯಾಗಿ ಬಂದಳು. ದೊಡ್ಡಮ್ಮ ಸೆರಗಿನಿಂದ ಆ ಕಿವಿ ಒರೆಸುತ್ತ, “ಪೋನೀಲೇ ಅಮ್ಮಾ, ಪೋನೀಲೇ,” ಎನ್ನುತ್ತಿದ್ದರು. ಹೋಗಲಿ ಬಿಡು ಎಂದು. ಆ ಮನೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಅದೇ.

ಕನ್ನಡಕದ ಡಬ್ಬಿ ದೊಡ್ಡಪ್ಪನ ಅಲಮಾರಿನಲ್ಲಿತ್ತು. ಮುಚ್ಚಳದ ಮೇಲೆ ಎರಡು ಬಿಳಿ ಕುದುರೆಗಳಿದ್ದ ಚೌಕನೆಯ ಬಿಸ್ಕತ್ತಿನ ಡಬ್ಬಿ. ನಮ್ಮ ವಂಶದಲ್ಲಿ ಯಾರು ಕನ್ನಡಕ ಹಾಕಿದ್ದರೂ, ಇದ್ದವರಿರಲಿ ಹೋದವರಿರಲಿ, ಅವರ ಕನ್ನಡಕ ಕೊನೆಗೆ ಆ ಡಬ್ಬಿಗೆ ಬಂದು ಮಲಗುತ್ತಿತ್ತು. ತಾತನ ದುಂಡು ಗಾಜು, ಅಜ್ಜಿಯ ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ, ಇನ್ನೂ ಯಾರಾರದೋ. ಮನೆಯಲ್ಲಿ ಯಾರಿಗಾದರೂ ಅಕ್ಷರ ಮಂಜಾಗಲು ಶುರುವಾದರೆ ಭಾನುವಾರ ಬೆಳಿಗ್ಗೆ ಡಬ್ಬಿ ಹೊರಗೆ ಬರುತ್ತಿತ್ತು. ಕಣ್ಣು ಮಂಜಾದವರು ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಎದುರು ಗೋಡೆಯಲ್ಲಿ ತೆಲುಗು ಕ್ಯಾಲೆಂಡರು. ದೊಡ್ಡಪ್ಪ ಒಂದೊಂದೇ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ತಾವೇ ಕಿವಿಗೆ ಸಿಕ್ಕಿಸುವರು. ಯಾವುದರಲ್ಲಿ ತಾರೀಖಿನ ಕೆಳಗಿನ ಸಣ್ಣಕ್ಷರದ ತಿಥಿ ಓದಲು ಬಂತೋ ಅದು ಅವರದು. ಅಷ್ಟೇ. ದೊಡ್ಡಮ್ಮ ಅಜ್ಜಿಯ ಕಣ್ಣಿನಲ್ಲಿ ಅಕ್ಕಿ ಆರಿಸುತ್ತಿದ್ದರು. ಅಪ್ಪ ಯಾರೋ ಸೋದರಮಾವನ ಕಣ್ಣಿನಲ್ಲಿ ಪತ್ರಿಕೆ ಓದುತ್ತಿದ್ದ. ನೆರೆಯವರೂ ಬಂದು ಕಂಬಕ್ಕೆ ನಿಂತದ್ದುಂಟು. ವಯಸ್ಸಾದವರಿಗೆ ಅದು ಹೇಗೋ ನಡೆದುಹೋಗುತ್ತಿತ್ತು, ಅದಕ್ಕೇ ದೊಡ್ಡಪ್ಪನಿಗೆ ಆ ಡಬ್ಬಿಯ ಬಗ್ಗೆ ಅಷ್ಟು ಹೆಮ್ಮೆ. “ಡಾಕ್ಟ್ರು ಏನ್ ಬ್ಯಾರೆ ಮಾಡ್ತಾನೆ? ಅವನೂ ಇದನ್ನೇ ಹಾಕಿ ತಗೀತಾನೆ,” ಎನ್ನುವರು.

ನನಗೆ ಏಳು ವರ್ಷವಾದಾಗ ಶಾಲೆಯ ಟೀಚರು ಒಂದು ಚೀಟಿ ಕಳಿಸಿದರು: ಹುಡುಗಿ ಬೋರ್ಡು ನೋಡುವಾಗ ತಲೆ ಓರೆ ಮಾಡುತ್ತಾಳೆ, ಕಣ್ಣು ತೋರಿಸಿ. ಅಮ್ಮ ಚೀಟಿ ಹಿಡಿದು ಅಪ್ಪನ ಹತ್ತಿರ ಹೋದಳು, ಅಪ್ಪ ಅದನ್ನು ಅಣ್ಣನಿಗೆ ಕೊಟ್ಟ, ದೊಡ್ಡಪ್ಪ ಅದರ ಹಿಂಬದಿ ಖಾಲಿಯಿದೆಯೇ ಎಂದು ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡರು. ಭಾನುವಾರ ನಾನು ಕಂಬಕ್ಕೆ ಬೆನ್ನು ಕೊಟ್ಟು ನಿಂತೆ.

ಮೊದಲಿನ ಮೂರು ಕನ್ನಡಕ ನನ್ನ ಮೂಗಿನಿಂದ ಜಾರಿ ಬಿದ್ದವು. ನಾಲ್ಕನೆಯದು ಸಣ್ಣದು, ಹದಿಹರೆಯದಲ್ಲೇ ತೀರಿಹೋದ ನಮ್ಮ ಸಣ್ಣತ್ತೆಯದು. ಅದರಲ್ಲಿ ನೋಡಿದರೆ ಗೋಡೆ ಬಾಗಿದಂತೆ ಕಂಡಿತು, ಅಂಕಿಗಳು ನೀರಲ್ಲಿ ಬಿದ್ದಂತೆ ಅಲ್ಲಾಡಿದವು. “ಏನ್ ಐತೆ ಹೇಳು,” ಎಂದರು ದೊಡ್ಡಪ್ಪ. ನಾನು ಕಣ್ಣು ಕಿರಿದು ಮಾಡಿದೆ. “ಕಾಣ್ತದೋ ಇಲ್ಲೋ? ಏನ್ ರಾಣಿಯಂಗೆ ನಿಂತ್ಕಂಡಳೆ ನೋಡು. ಹೊಸಾದು ಬೇಕೇನು ನಿಂಗೆ, ಚಿನ್ನದ ಕಡ್ಡೀದು?” ರಮಕ್ಕ ನಕ್ಕಳು. ಅಂಗಡಿಯ ಗುಮಾಸ್ತರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಬೆಳಿಗ್ಗೆ ದೊಡ್ಡಮ್ಮ ಏಕಾದಶಿ ಎಂದು ಉಪವಾಸ ಹಿಡಿದಿದ್ದು ನನಗೆ ಗೊತ್ತಿತ್ತು. ಹಿಂದಿನ ದಿನ ಶಾಲೆಯಲ್ಲಿ ಬರೆದ ತಾರೀಖು ನೆನಪಿತ್ತು, ಅದಕ್ಕೆ ಒಂದು ಸೇರಿಸಿದರಾಯಿತು. ಎರಡನ್ನೂ ಕೂಡಿಸಿ ಗಟ್ಟಿಯಾಗಿ ಹೇಳಿಬಿಟ್ಟೆ. ದೊಡ್ಡಪ್ಪ ಎಲ್ಲರ ಮುಖ ನೋಡಿದರು, ಗೆದ್ದವರ ಹಾಗೆ. ಕನ್ನಡಕಕ್ಕೆ ಹಿಂದೆ ಕರಿದಾರ ಕಟ್ಟಿ, ನನ್ನ ಜಡೆಯ ಕೆಳಗೆ ಗಂಟು ಹಾಕಿದರು. ಅಮ್ಮ ಮಾತ್ರ ಅಡುಗೆಮನೆಯ ಬಾಗಿಲಿನಿಂದ ನನ್ನನ್ನೇ ನೋಡುತ್ತ, “ಪುಟ್ಟೀ, ನಿಜವಾಗ್ಲೂ ಕಾಣ್ತದೇನೇ?” ಎಂದಳು. “ಹ್ಞೂಂ,” ಎಂದೆ. ಏಳು ವರ್ಷದ ಮಗು ಯಾಕೆ ಸುಳ್ಳು ಹೇಳಿತೆಂದು ಕೇಳುವವರಿಗೆ ಆ ನಡುಮನೆ ಗೊತ್ತಿಲ್ಲ. ಕಾಣುವುದಿಲ್ಲ ಎಂದರೆ ಬೇಕು ಎಂದ ಹಾಗೆ. ಬೇಕು ಎನ್ನಲು ನನಗೆ ಧೈರ್ಯವಿರಲಿಲ್ಲ.

ಸಣ್ಣತ್ತೆಯ ಕನ್ನಡಕವನ್ನು ನಾನು ನಾಲ್ಕು ವರ್ಷ ಹಾಕಿದೆ. ಸಂಜೆಯಾದರೆ ಹಣೆಯ ಒಂದು ಬದಿ ಸಿಡಿಯುತ್ತಿತ್ತು. ಅಮ್ಮ ಶುಂಠಿ ಅರೆದು ಹಚ್ಚುವಳು, ಅಪ್ಪನ ಕಿವಿಯ ಹತ್ತಿರ ಮೆಲ್ಲಗೆ ಏನೋ ಹೇಳುವಳು. ಅಪ್ಪ, “ಅಣ್ಣನ್ನ ಕೇಳ್ತೀನಿ,” ಎನ್ನುವನು. ಕೇಳಿದನೋ ಇಲ್ಲವೋ. ಅಮ್ಮನೇ ಎರಡು ಸಲ ನೇರವಾಗಿ ಕೇಳಿದಳು. ಮೊದಲ ಸಲ ದೊಡ್ಡಪ್ಪ, “ಬೆಳಿಯೋ ಕಣ್ಣು ಅದು, ಇವತ್ತು ಮಾಡಿಸಿದ್ದು ನಾಳೆ ಸಾಲದು, ಬೆಳೆದು ನಿಲ್ಲಲಿ,” ಎಂದರು, ಲಂಗ ಹೊಲಿಸುವಾಗ ಒಂದು ಮಡಿಕೆ ಹೆಚ್ಚು ಬಿಡಿಸಿ ಎಂದು ಹೇಳುವ ದನಿಯಲ್ಲಿ. ಎರಡನೇ ಸಲ ಅದನ್ನೂ ಹೇಳಲಿಲ್ಲ. “ಶಾರದಾ, ನಿಮ್ಮ ತವರಿನಾಗೆ ಎಲ್ಲಾ ಹೊಸಾದೇ ತರ್ತಿದ್ರೇನು?” ಎಂದು ಕೇಳಿ, ಅಂಗಡಿಗೆ ಎದ್ದು ಹೋದರು.

ಕೊನೆಗೆ ಅದು ಹೊರಬಿದ್ದದ್ದು ಬಚ್ಚಲಮನೆಯಲ್ಲಿ. ನನಗೆ ಹನ್ನೊಂದು ತುಂಬಿತ್ತು. ಅಮ್ಮ ಎಣ್ಣೆ ನೀರು ಹಾಕುತ್ತಿದ್ದಳು. ಹೆಬ್ಬೆರಳಿನ ಸೀಗೆಕಾಯಿ ಜಾರಿ ನನ್ನ ಬಲಗಣ್ಣಿಗೆ ಬಿತ್ತು. ನಾನು ಆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, “ಚೊಂಬೆಲ್ಲಿ, ಚೊಂಬೆಲ್ಲಿ,” ಎಂದು ಎರಡೂ ಕೈಯಲ್ಲಿ ನೆಲ ತಡಕಾಡಿದೆ. ಚೊಂಬು ನನ್ನ ಮೊಣಕಾಲಿನ ಮುಂದೆಯೇ ಇತ್ತಂತೆ. ಅಮ್ಮ ನೀರು ಹಾಕುವುದನ್ನು ನಿಲ್ಲಿಸಿದಳು. “ಎಡಗಣ್ಣು ತೆರೆದೇ ಐತಲ್ಲೇ,” ಎಂದಳು. ಆಮೇಲೆ ಒದ್ದೆ ಕೈಯನ್ನು ನನ್ನ ಬಲಗಣ್ಣಿಗೆ ಅಡ್ಡ ಹಿಡಿದು, ಇನ್ನೊಂದು ಕೈಯನ್ನು ಮುಖದೆದುರು ತಂದು, “ಎಷ್ಟು ಬೆಳ್ಳು?” ಎಂದು ಕೇಳಿದಳು. ನಾನು ಹೇಳಿದ್ದು ತಪ್ಪಾಗಿರಬೇಕು. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಮೂರನೇ ಸಲ ಕೇಳಲಿಲ್ಲ. ತಲೆ ತೊಳೆದು, ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು, ಕೂದಲು ಬಿಡಿಸಿದಳು. ನಾಲ್ಕು ವರ್ಷದ ಹಿಂದಿನ ಏಕಾದಶಿಯ ಸುಳ್ಳನ್ನು ಅವತ್ತು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. “ನೀ ಯಾಕೆ ಹೇಳಿದಿ ಅಂತ ನಂಗೆ ಗೊತ್ತು ಬಿಡು,” ಎಂದಳು.

ವಿಶಾಖಪಟ್ಟಣದಲ್ಲಿ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಒಂದು ಕಣ್ಣಾಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಆದರೆ ಆಸ್ಪತ್ರೆಗೆಂದರೆ ಮನೆಯಿಂದ ಹೊರಡುವುದಾಗುತ್ತಿರಲಿಲ್ಲ. ಅಮ್ಮ ಅಲ್ಲೇ ಹತ್ತಿರದ ಸಿಂಹಾಚಲದ ದೇವರಿಗೆ ಹರಕೆ ಇದೆ ಎಂದಳು. ದೇವರ ಹೆಸರಿಗೆ ದೊಡ್ಡಪ್ಪ ಅಡ್ಡ ಬರಲಿಲ್ಲ, ಹೋಗುವಾಗ ಕಾಯಿಯನ್ನು ಮನೆಯಿಂದಲೇ ಒಯ್ಯಿರಿ, ಅಲ್ಲಿ ಕೊಳ್ಳಬೇಡಿ ಎಂದಷ್ಟೇ ಹೇಳಿದರು. ಸುಳ್ಳು ಹೇಳಿದ ತಪ್ಪಿಗೆ ಅಮ್ಮ ನಿಜವಾಗಿಯೂ ನನ್ನನ್ನು ಬೆಟ್ಟ ಹತ್ತಿಸಿದಳು. ಚಂದನದ ವಾಸನೆ, ಕಲ್ಲಿನ ತಂಪು, ಸಂಪಿಗೆ ಮಾರುವವರ ಕೂಗು ಎಲ್ಲ ನೆನಪಿದೆ. ದೇವರು ಕಂಡನೋ ಇಲ್ಲವೋ ನೆನಪಿಲ್ಲ. ಮರುದಿನ ಚಿಕ್ಕಮ್ಮ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ವಯಸ್ಸಾದ ಡಾಕ್ಟರು, ತೆಲುಗಿನವರು, ಬಹಳ ಹೊತ್ತು ನೋಡಿದರು. ನನ್ನ ಮೂಗಿನ ಮೇಲಿದ್ದ ಸಣ್ಣತ್ತೆಯ ಕನ್ನಡಕವನ್ನು ಯಂತ್ರಕ್ಕಿಟ್ಟು ನೋಡಿ, “ಇದು ಯಾರದಮ್ಮಾ?” ಎಂದು ಕೇಳಿದರು. ಅಮ್ಮ ತಲೆ ತಗ್ಗಿಸಿ ಹೇಳಿದಳು. ಎರಡು ಕಣ್ಣಿನ ನಡುವೆ ಅಜಗಜಾಂತರ, ಬಲಗಣ್ಣು ಹೇಗೋ ಹೊಂದಿಕೊಂಡಿದೆ, ಎಡಗಣ್ಣು ನೋಡುವುದನ್ನೇ ಕಲಿತಿಲ್ಲ, ಕಲಿಯುವ ವಯಸ್ಸು ದಾಟಿದೆ, ಇನ್ನು ಯಾವ ಗಾಜು ಹಾಕಿದರೂ ಅದು ಬರುವುದು ಕಷ್ಟ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಚಿಕ್ಕಮ್ಮ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. ಆರೇಳು ವರ್ಷಕ್ಕೇ ತಂದಿದ್ದರೆ? ಅಮ್ಮ ಕೇಳಿದಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತ, “ಬಂದಿರುತ್ತಿತ್ತೇನೋ ಅಮ್ಮಾ,” ಎಂದರು. ಹೊರಗೆ ಬಂದು ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಎದುರಿನ ಕನ್ನಡಕದಂಗಡಿಗೆ ನನ್ನನ್ನು ಕರೆದೊಯ್ದು, “ನಿನಗ್ಯಾವುದು ಬೇಕೋ ತಗೋ,” ಎಂದಳು. ಆ ಮಾತನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು. ತಿಳಿಗೆಂಪು ಬಣ್ಣದ್ದೊಂದನ್ನು ತೋರಿಸಿದೆ.

ವಿಜಯವಾಡಕ್ಕೆ ಮರಳಿದ ದಿನ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದರು. ದೊಡ್ಡಪ್ಪ ನನ್ನ ಮುಖ ನೋಡಿದರು. ದೊಡ್ಡಮ್ಮನ ಕೈಯ ಸೌಟು ಸಾರಿನ ಪಾತ್ರೆಯ ಮೇಲೇ ನಿಂತಿತು. “ಹರಕೆ ತೀರ್ತೇನು?” ಎಂದರು ದೊಡ್ಡಪ್ಪ. ಅಮ್ಮ ನಿಂತೇ ಎಲ್ಲವನ್ನೂ ಹೇಳಿದಳು, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಬಿಡದೆ. ಅಪ್ಪ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದವನು ಕಲಸುತ್ತಲೇ ಇದ್ದ. ದೊಡ್ಡಪ್ಪ ಮಜ್ಜಿಗೆ ಸುರಿದುಕೊಂಡು, ಕುಡಿದು, ತಟ್ಟೆಯಂಚಿನ ಕೊನೆಯ ಅಗುಳನ್ನೂ ಬೆರಳಲ್ಲಿ ಒರೆಸಿ ತಿಂದು, ಹೇಳಿದರು: “ಇನ್ನೊಂದು ಕಣ್ಣು ನೆಟ್ಟಗೈತಲ್ಲ. ಒಂದ್ರಾಗೇ ನಡೀತೈತೆ, ಬಿಡು. ಆ ಹಳೇ ಕನ್ನಡಕ ಎಲ್ಲೈತೆ? ಡಬ್ಬಿಗಿಡು.”

ಅವರ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಕೆಟ್ಟದು ಬಯಸಿ ಹೇಳಿದ್ದೂ ಅಲ್ಲ. ಎರಡಿದ್ದರೆ ಒಂದರಲ್ಲಿ ಸಾಗಿಸುವುದು ಅವರ ಮಟ್ಟಿಗೆ ಒಳ್ಳೆಯ ಸುದ್ದಿ. ಅದಕ್ಕೇ ನನಗೆ ಇವತ್ತಿಗೂ ಅದನ್ನು ಕ್ಷಮಿಸಲಾಗುವುದಿಲ್ಲ. ಅಮ್ಮ ಸಣ್ಣತ್ತೆಯ ಕನ್ನಡಕವನ್ನು ಸೊಂಟದಿಂದ ತೆಗೆದು ಅವರ ತಟ್ಟೆಯ ಪಕ್ಕದಲ್ಲಿಟ್ಟಳು. “ಹಂಗಾದ್ರೆ ನಿಮ್ಮದೂ ಒಂದು ಕಿವಿ, ಒಂದು ಕಾಲು ಕಡಿದು ಆ ಡಬ್ಬಿಗಿಡ್ರಿ ಭಾವ. ಮನೆಯಾಗೆ ಯಾರಿಗಾದ್ರೂ ಬರ್ತಾವೆ,” ಎಂದಳು. ಅಪ್ಪ, “ಶಾರದಾ!” ಎಂದು ಗದರಿದ. ಅವಳು ಅಪ್ಪನ ಕಡೆ ತಿರುಗಿದಳು. “ನೀವು ಈಗ ಬಾಯಿ ಬಿಟ್ರಿ ನೋಡ್ರಿ. ನಾಲ್ಕು ವರ್ಷದ ಹಿಂದೆ ಬಿಡಬೇಕಿತ್ತು.” ದೊಡ್ಡಮ್ಮನ ಬಾಯಿಂದ ಅವತ್ತು ‘ಪೋನೀಲೇ’ ಬರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಮರುದಿನದ ರೈಲಿಗೆ ಅಮ್ಮ ನನ್ನನ್ನು ಕರೆದುಕೊಂಡು ವಿಶಾಖಪಟ್ಟಣಕ್ಕೆ ಬಂದಳು. ಬರುವಾಗ ಆ ಮನೆಯ ಒಂದು ಸೂಜಿಯನ್ನೂ ತರಲಿಲ್ಲ. ಎರಡು ತಿಂಗಳ ಮೇಲೆ ಅಪ್ಪನೂ ಬಂದ, ಬಂದರಿನ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಮನೆ ಎರಡಾಯಿತು. ಆಮೇಲೆ ಮದುವೆ ಸಾವುಗಳಿಗೆ ಹೋಗುತ್ತಿದ್ದೆವು, ಊಟ ಮಾಡಿ ಬರುತ್ತಿದ್ದೆವು.

ಇಲ್ಲಿಗೆ ಬಂದ ಮೊದಲ ವಾರದ ಒಂದು ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಹಾಲಿನ ಕವರು ಕತ್ತರಿಸಿ, ಹಾಲು ಸುರಿದು, ಕವರನ್ನು ಹಾಗೇ ಕಸದ ಬುಟ್ಟಿಗೆ ಹಾಕಿದಳು. ಒಳಗೆ ಇನ್ನೂ ನಾಲ್ಕು ಹನಿ ಹಾಲಿತ್ತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಆಮೇಲೆ ಅವಳಿಗೆ ನಗು ಬಂತು, ನನಗೂ ಬಂತು. ಆ ಎರಡು ಕೋಣೆಯ ಮನೆಯಲ್ಲಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿಯ ಪಕ್ಕ, ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅಪ್ಪನ ಸಂಬಳ ಸಣ್ಣದು. ಆರು ತಿಂಗಳಾಗುವಷ್ಟರಲ್ಲಿ ಅಮ್ಮ ಕವರು ತೊಳೆದು ಗೋಡೆಗೆ ಅಂಟಿಸತೊಡಗಿದಳು. ಈಗ ನಿಜಕ್ಕೂ ಬೇಕಿತ್ತು. ದೊಡ್ಡಮ್ಮ ಕಲಿಸಿದ ನಿಂಬೆಯ ಸಿಪ್ಪೆಯಲ್ಲೇ ಹಿತ್ತಾಳೆ ತಿಕ್ಕಿದಳು, ಹಳೆಯ ಸೀರೆಯಲ್ಲೇ ನನ್ನ ಹೊದಿಕೆ ಹೊಲಿದಳು. ನನಗೆ ಏನಾದರೂ ಬೇಕಾದಾಗ ಮಾತ್ರ ಕೇಳುತ್ತಿದ್ದಳು, “ಬೇಕೇನೇ? ಬಾಯಿ ಬಿಟ್ಟು ಹೇಳು.” ಅವಳು ಹೋಗಿ ಹನ್ನೆರಡು ವರ್ಷವಾಯಿತು. ಇವತ್ತು ನಾನೂ ಕವರು ತೊಳೆಯುತ್ತೇನೆ. ಬೆರಳು ತಾನಾಗಿಯೇ ಮಾಡುತ್ತದೆ, ಮನಸ್ಸು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿರುತ್ತದೆ. ಎರಡು ಮನೆಯ ಕವರೂ ಒಂದೇ ಥರ ಒಣಗುತ್ತಿದ್ದವಲ್ಲ, ಒಂದನ್ನು ನೆನೆದರೆ ಕಣ್ಣು ತುಂಬುತ್ತದೆ, ಇನ್ನೊಂದನ್ನು ನೆನೆದರೆ ಮೈ ಉರಿಯುತ್ತದೆ. ಇದನ್ನು ಶ್ರುತಿಯ ವಿಡಿಯೋದಲ್ಲಿ ಹೇಗೆ ತೋರಿಸುವುದು?

ಗವರ್ನರ್‌ಪೇಟೆಯ ಮನೆ ಈಗಿಲ್ಲ. ಅಂಗಡಿ, ಓಣಿ, ತಾರಸಿ ಎಲ್ಲ ಕೆಡವಿ ಅಲ್ಲೊಂದು ಲಾಡ್ಜು ಎದ್ದಿದೆ. ದೊಡ್ಡಮ್ಮ ಮೊದಲು ಹೋದರು. ದೊಡ್ಡಪ್ಪನನ್ನು ರಮಕ್ಕ ವಿಮಾನ ನಿಲ್ದಾಣವಿರುವ ಗನ್ನವರಂನ ತನ್ನ ಮನೆಗೆ ಕರೆದುಕೊಂಡಳು. ಅವರ ಕಡೆಯ ವರ್ಷ ಅವಳ ಫೋನು ಬಂತು. “ವಿಮಲೀ, ಒಂದ್ಸಲ ಬಂದು ಹೋಗೇ. ನಿನ್ನ ಹೆಸರು ಎತ್ತುತಾ ಇದಾರೆ.” ನಾನು ಹೋದದ್ದು ಪ್ರೀತಿಗಲ್ಲ. ಅವರು ಮುದುಕರಾಗಿ, ಮೆತ್ತಗಾಗಿ, ಒಳ್ಳೆಯ ಬಟ್ಟೆ, ಒಳ್ಳೆಯ ಔಷಧಿ ಎಂದು ಬೇಕು ಬೇಕು ಎನ್ನುತ್ತಿರುವುದನ್ನು ಕಣ್ಣಾರೆ ನೋಡಬೇಕಿತ್ತು. ಹಾಗೆ ನೋಡಿದ್ದರೆ ನನ್ನೊಳಗಿನ ಒಂದು ಗಂಟು ಬಿಚ್ಚಿಕೊಳ್ಳುತ್ತಿತ್ತು.

ಅವರು ರಮಕ್ಕನ ಮನೆಯ ಮುಂದಿನ ಜಗಲಿಯಲ್ಲಿ ಬೆಂಚಿನ ಮೇಲೆ ಕೂತಿದ್ದರು. ಎಡಗಣ್ಣಿನ ಪಾಪೆ ಹಾಲಿನಂತೆ ಬೆಳ್ಳಗಾಗಿತ್ತು. ರಮಕ್ಕ ಕಾಫಿ ತಂದವಳು ನನ್ನ ನೋಟ ನೋಡಿ, “ಎರಡಕ್ಕೂ ಪೊರೆ ಬಂದಿತ್ತೇ. ಬಲಗಣ್ಣಿಗೆ ಆಪರೇಷನ್ ಆಯ್ತು. ಇನ್ನೊಂದಕ್ಕೆ ಏನ್ ಮಾಡಿದ್ರೂ ಒಪ್ಪಲಿಲ್ಲ. ನಾನು ಅತ್ತು ಗೋಗರೆದೆ. ‘ಒಂದು ಬಂತಲ್ಲ, ಸಾಕು’ ಅಂತಾರೆ. ಏನ್ ಜನ್ಮಾನೋ!” ಎಂದಳು. ನನ್ನ ಕೈಯ ಲೋಟ ಬಿಸಿಯಾಗಿತ್ತು, ಹಾಗೇ ಹಿಡಿದುಕೊಂಡೆ. ಮೂವತ್ತು ವರ್ಷ ನಾನು ಕಾದಿದ್ದೆ, ಈ ಮನುಷ್ಯ ತನ್ನ ವಿಷಯಕ್ಕೆ ಬಂದಾಗ ಮಾತು ಬದಲಿಸುತ್ತಾನೆ ಎಂದು. ಬದಲಿಸಿದ್ದರೆ ಎಷ್ಟು ಹಿತವಾಗುತ್ತಿತ್ತು. ನನಗೆ ಕೊಟ್ಟ ಅಳತೆಯನ್ನೇ ಅವರು ತಮಗೂ ಇಟ್ಟುಕೊಂಡಿದ್ದರು. ನನ್ನ ಸಿಟ್ಟಿಗೆ ಹೋಗಲು ಜಾಗವೇ ಉಳಿಯಲಿಲ್ಲ, ಆದರೂ ಅದು ಹೋಗಲಿಲ್ಲ.

“ಯಾರು? ವಿಮಲೀನಾ?” ಎಂದರು. “ಹೌದು ದೊಡ್ಡಪ್ಪ.” “ಬಾ, ಈ ಕಡೆ ಕೂಡು. ಆ ಕಡೆ ಕೂತ್ರೆ ನಂಗೆ ಕಾಣಂಗಿಲ್ಲ,” ಎಂದು ಬಲಗಡೆಯ ಬೆಂಚನ್ನು ತಟ್ಟಿದರು. ನಾನು ಅವರ ಬಲಕ್ಕೆ ಕೂತೆ. ಇಬ್ಬರೂ ಬೀದಿಗೆ ಮುಖ ಮಾಡಿದ್ದೆವು. ಕೂತ ಮೇಲೆ ಗೊತ್ತಾಯಿತು, ನನಗೂ ಇರುವುದು ಬಲಗಣ್ಣೇ. ಪಕ್ಕಪಕ್ಕ ಕೂತರೆ ನಮ್ಮಲ್ಲಿ ಒಬ್ಬರಿಗೆ ಮಾತ್ರ ಇನ್ನೊಬ್ಬರು ಕಾಣುತ್ತಾರೆ. ನನ್ನ ಎಡಕ್ಕೆ ಅವರು ಒಂದು ಬಿಳಿಯ ಮಸುಕಾಗಿದ್ದರು, ಪಂಚೆಯೋ ಮುಖವೋ ತಿಳಿಯದ ಹಾಗೆ. “ಮುಖ ಥೇಟ್ ನಿಮ್ಮವ್ವಂದೇ ಆಗೈತೆ,” ಎಂದರು. ನಾನು ಹ್ಞೂಂ ಎಂದೆ. ಇನ್ನೇನೋ ಹೇಳಲು ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ತೀರ ಕೆಳಗೆ ಇಳಿಯುತ್ತ ಹೋಯಿತು, ಕಿಟಕಿಯ ಗಾಜುಗಳೆಲ್ಲ ಅದುರಿದವು. ಸದ್ದು ಅಡಗಿದ ಮೇಲೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದಾರೆಂದು ಕೆನ್ನೆಗೆ ತಿಳಿಯುತ್ತಿತ್ತು. ಸ್ವಲ್ಪ ಕತ್ತು ಹೊರಳಿಸಿದ್ದರೆ ಆ ಮುಖದಲ್ಲಿ ಏನಿತ್ತೆಂದು ನೋಡಬಹುದಿತ್ತು. ಕಾಫಿ ಮುಗಿಯುವವರೆಗೂ, ಮುಗಿದ ಮೇಲೂ ಬಹಳ ಹೊತ್ತು, ನಾನು ತಿರುಗಲಿಲ್ಲ.